ಬಸವನಗುಡಿಯಿಂದ ಮಿಲ್ಫರ್ಡ್ ಸೌಂಡ್‌ಗೆ: ಬಾಡಿಗೆ ಕಾರು ಹಿಡಿಯೋದು ಹೇಗೆ

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನು. ನಮ್ಮ ಯಜಮಾನರು ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕ್ ಒತ್ತುತ್ತಾರೆ. ಕಳೆದ ಡಿಸೆಂಬರಿನಲ್ಲಿ ಇಬ್ಬರೂ ನ್ಯೂಜಿಲೆಂಡಿನ ಸೌತ್ ಐಲ್ಯಾಂಡಿನಲ್ಲಿ, ಮಿಲ್ಫರ್ಡ್ ಸೌಂಡ್ ಅನ್ನೋ ಕಡಲ ಕೊಲ್ಲಿಯವರೆಗೆ, 9 ದಿನ ಕಾರಿನಲ್ಲಿ ಸುತ್ತಿ ಬಂದೆವು. ಆವಾಗಿನಿಂದ ಕೃಷ್ಣರಾವ್ ಪಾರ್ಕಿನ ವಾಕಿಂಗ್ ಗುಂಪಿನಲ್ಲಿ ಎಲ್ಲರೂ ಕೇಳೋದು ಒಂದೇ: "ಕಾರಿಗೆ ದಿನಕ್ಕೆ ಎಷ್ಟಾಯ್ತು?"

ನಾನೂ ಹೋಗೋಕೆ ಮುಂಚೆ ಅದನ್ನೇ ಹುಡುಕುತ್ತಿದ್ದೆ. ಈಗ ಕೇಳಿದರೆ, ದಿನದ ಬಾಡಿಗೆ ಆಮೇಲೆ ನೋಡಿ ಅಂತೀನಿ. ಗಾಡಿಗೆ ಏನಾದರೂ ಆದರೆ ನಮ್ಮ ಕೈಯಿಂದ ಎಷ್ಟು ಹೋಗುತ್ತೆ, ಅದನ್ನು ಮೊದಲು ಕೇಳಿ.

ಲೈಸೆನ್ಸ್ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಕಾರ್ಡಿನಲ್ಲಿ ಇಂಗ್ಲಿಷ್ ಇರುವುದರಿಂದ ಅಲ್ಲಿ ಪ್ರವಾಸಿಗಳಾಗಿ ಅದರಲ್ಲೇ ಓಡಿಸಬಹುದು. ಆದರೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೆ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, 1000 ರೂಪಾಯಿ ಶುಲ್ಕ, ಫಾರಂ 4ಎ, ಡಾಕ್ಟರ ಸಹಿ ಇರುವ ಫಾರಂ 1ಎ, ಪಾಸ್‌ಪೋರ್ಟ್, ವೀಸಾ, ಟಿಕೆಟ್. ಒಂದು ವರ್ಷ ನಡೆಯುತ್ತದೆ. ಲೈಸೆನ್ಸಿನ ಅಸಲು ಕಾರ್ಡ್ ಜೊತೆಯಲ್ಲೇ ಇರಲಿ. ಫೋನಿನಲ್ಲಿ ಡಿಜಿಲಾಕರ್ ತೋರಿಸುತ್ತೇನೆ ಅಂದರೆ ಕೌಂಟರಿನಲ್ಲಿ ನಡೆಯೋದಿಲ್ಲ.

ನಾವು ಸಿಕ್ಕಿಹಾಕಿಕೊಂಡಿದ್ದು ಕ್ರೆಡಿಟ್ ಕಾರ್ಡಿನಲ್ಲಿ. ಬುಕಿಂಗ್ ನನ್ನ ಹೆಸರಲ್ಲಿ, ಏಕೆಂದರೆ ಓಡಿಸೋದು ನಾನು. ಕಾರ್ಡ್ ಮಾತ್ರ ಯಜಮಾನರದು. ಕ್ರೈಸ್ಟ್‌ಚರ್ಚ್ ಏರ್‌ಪೋರ್ಟಿನಲ್ಲಿ ಕೌಂಟರಿನ ಹುಡುಗ ನನ್ನ ಲೈಸೆನ್ಸನ್ನೂ ಅವರ ಕ್ರೆಡಿಟ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ತಲೆ ಅಲ್ಲಾಡಿಸಿದ. ಓಡಿಸುವವರ ಹೆಸರಿನ ಕಾರ್ಡೇ ಬೇಕು. "ನಾವು ಗಂಡ ಹೆಂಡತಿ ಕಣಪ್ಪಾ" ಅಂತ ಅವನಿಗೆ ಯಾವ ಭಾಷೆಯಲ್ಲಿ ಹೇಳೋದು? ನನ್ನ ಹತ್ತಿರ ಇದ್ದಿದ್ದು ಡೆಬಿಟ್ ಕಾರ್ಡ್. ಅದನ್ನು ತಗೊಳ್ಳುತ್ತಾರೆ, ಆದರೆ ಅವರ ಪೂರ್ತಿ ಕವರ್, ಅಂದರೆ ಗಾಡಿಗೆ ಏನಾದರೂ ಆದರೆ ನಮ್ಮ ಕೈಯಿಂದ ಹೋಗದಂಥ ಇನ್ಶೂರೆನ್ಸ್, ಕೊಳ್ಳಲೇಬೇಕಂತೆ. ದಿನಕ್ಕೆ 32 ನ್ಯೂಜಿಲೆಂಡ್ ಡಾಲರ್, 9 ದಿನಕ್ಕೆ 288. ನಮ್ಮ ದುಡ್ಡಿನಲ್ಲಿ ಹೆಚ್ಚುಕಡಿಮೆ 15 ಸಾವಿರ! ಯಜಮಾನರು ಪಾರ್ಕಿಂಗ್‌ವರೆಗೆ ಒಂದು ಮಾತೂ ಆಡಲಿಲ್ಲ.

ಇದಕ್ಕೆ ಪರಿಹಾರ ಇಲ್ಲೇ ಇತ್ತು. ಗಂಡನ ಅಕೌಂಟಿಗೆ ಹೆಂಡತಿ ಹೆಸರಿನಲ್ಲಿ ಆಡ್-ಆನ್ ಕಾರ್ಡ್ ಕೊಡುತ್ತಾರೆ, ಅದರ ಮೇಲೆ ನಮ್ಮ ಹೆಸರೇ ಇರುತ್ತದೆ. ಹೊರಡುವ ಒಂದು ತಿಂಗಳು ಮುಂಚೆ ಅರ್ಜಿ ಹಾಕಿ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶದ ಬಳಕೆಯನ್ನು ಆನ್ ಮಾಡಿ, ಮಿತಿಯನ್ನೂ ನೋಡಿಕೊಳ್ಳಿ. ಏಕೆಂದರೆ ಗಾಡಿ ಕೊಡುವಾಗ ಡೆಪಾಸಿಟ್ ಅಂತ ಒಂದಿಷ್ಟು ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಗಾಡಿ ವಾಪಸ್ ಕೊಟ್ಟ ಮೇಲೂ ಅದು ಬಿಡುಗಡೆಯಾಗೋಕೆ ಕೆಲವು ದಿನ ಬೇಕು.

ಈಗ ಅಸಲು ವಿಷಯ, ಎಕ್ಸೆಸ್. ಬಾಡಿಗೆಯಲ್ಲೇ ಇನ್ಶೂರೆನ್ಸ್ ಸೇರಿದೆ ಅಂತ ಬರೆದಿರುತ್ತಾರೆ, ಸುಳ್ಳೇನಲ್ಲ. ಆದರೆ ಡ್ಯಾಮೇಜ್ ಆದರೆ ಮೊದಲ ಇಷ್ಟು ಡಾಲರ್ ನಿಮ್ಮದು, ಅದರ ಮೇಲಿನದು ಮಾತ್ರ ಅವರದು. ಆ "ಮೊದಲ ಇಷ್ಟು" ಅನ್ನೋದೇ ಎಕ್ಸೆಸ್. ನಮ್ಮ ಗಾಡಿಗೆ ಅದು 4000 ಡಾಲರ್ ಇತ್ತು, ಸುಮಾರು 2 ಲಕ್ಷ. ಇದನ್ನು ಇಳಿಸೋಕೆ ಎರಡು ದಾರಿ. ಅವರದೇ ಪೂರ್ತಿ ಕವರ್ ತಗೊಳ್ಳಬಹುದು, ದುಬಾರಿ, ಆದರೆ ತಲೆನೋವಿಲ್ಲ. ಇಲ್ಲದಿದ್ದರೆ ಎಕ್ಸೆಸ್ ಸೇರಿದ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಬಹುದು. ಅಗ್ಗ, ಆದರೆ ಮೊದಲು ನಾವು ಕಟ್ಟಿ ಆಮೇಲೆ ಕ್ಲೈಮ್ ಮಾಡಬೇಕು. ಯಾವುದೇ ಆಗಲಿ, ಗಾಜು, ಟೈರು, ಗಾಡಿಯ ತಳ, ಮೇಲ್ಛಾವಣಿ ಸೇರಿದೆಯಾ ಅಂತ ಒಂದೊಂದಾಗಿ ಕೇಳಿ. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರೋಡಿನಂಥ ದಾರಿಗಳಿಗೆ ಬಾಡಿಗೆ ಗಾಡಿಯ ಇನ್ಶೂರೆನ್ಸೇ ನಡೆಯೋದಿಲ್ಲ. ಡೀಸೆಲ್ ಗಾಡಿ ಅಗ್ಗ ಅಂತ ಕಂಡರೆ ಇನ್ನೊಂದು ಪ್ರಶ್ನೆ ಕೇಳಿ. ಅಲ್ಲಿ ಡೀಸೆಲ್ ಗಾಡಿಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬೇರೆ ರಸ್ತೆ ಶುಲ್ಕ ಇದೆ, ಕೆಲವರು ಅದನ್ನು ಕೊನೆಯಲ್ಲಿ ಬಿಲ್ಲಿಗೆ ಸೇರಿಸುತ್ತಾರೆ.

ಕೀ ಕೈಗೆ ಬಂದ ತಕ್ಷಣ ಹೊರಡಬೇಡಿ. ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ವಿಡಿಯೋ ತೆಗೆಯಿರಿ. ನಾಲ್ಕು ಚಕ್ರ, ಮುಂದಿನ ಗಾಜು, ಪೆಟ್ರೋಲ್ ಮುಳ್ಳು, ಓಡಿರುವ ಕಿಲೋಮೀಟರ್. ಹಳೆ ಗೀರುಗಳನ್ನು ಅವರ ಕಾಗದದಲ್ಲೇ ಬರೆಸಿ.

ಓಡಿಸೋದು ನೀವು ಹೆದರಿದಷ್ಟು ಕಷ್ಟ ಅಲ್ಲ. ಅಲ್ಲೂ ಎಡಗಡೆಯೇ. ಗಾಡಿಗಳು ಹೆಚ್ಚಾಗಿ ಆಟೊಮ್ಯಾಟಿಕ್. ನನ್ನ ಎಡಗಾಲು ಕ್ಲಚ್ ಹುಡುಕಿ ಬ್ರೇಕ್ ತುಳಿಯುತ್ತಿತ್ತು, ಅದಕ್ಕೇ ಹೋಗೋಕೆ ಮುಂಚೆ ತಂಗಿಯ ಕಾರು ತಗೊಂಡು ಎರಡು ಭಾನುವಾರ ಬೆಳಿಗ್ಗೆ ನೈಸ್ ರೋಡಿನಲ್ಲಿ ಅಭ್ಯಾಸ ಮಾಡಿದೆ. ಮರೆಯಬೇಕಾಗಿದ್ದು ಸೌತ್ ಎಂಡ್ ಸರ್ಕಲ್ಲಿನ ವಿದ್ಯೆ. ನಮ್ಮಲ್ಲಿ ಮೂತಿ ಮೊದಲು ತೂರಿಸಿದವರದು ದಾರಿ, ಅಲ್ವಾ? ಅಲ್ಲಿ ರೌಂಡ್ ಅಬೌಟಿನಲ್ಲಿ ಬಲಗಡೆಯಿಂದ ಬರುವವರಿಗೆ ಬಿಟ್ಟುಕೊಡಬೇಕು. ಸುಮ್ನೆ ನಿಂತರೂ ಹಿಂದಿನವರು ಹಾರ್ನ್ ಹೊಡೆಯೋದಿಲ್ಲ.

ಹಳ್ಳಿ ಕಡೆ ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳು ಬಹಳ. ಬೋರ್ಡ್ ಕೆಂಪು ಅಂಚಿನ ಗುಂಡಗಿದ್ದು, ಅದರಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನಿಂತು ಎದುರಿನವರನ್ನು ಬಿಡಿ. ಬೋರ್ಡ್ ನೀಲಿ, ನಿಮ್ಮ ಬಾಣ ದೊಡ್ಡದಾಗಿ ಬಿಳಿ ಇದ್ದರೆ ನೀವು ಮೊದಲು. ಊರ ಹೊರಗೆ ಮಿತಿ ಸಾಮಾನ್ಯವಾಗಿ 100 ಕಿಲೋಮೀಟರ್. ಮೈಸೂರು ಎಕ್ಸ್‌ಪ್ರೆಸ್‌ವೇ ನೆನಪಿಸಿಕೊಂಡು ಅದನ್ನೇ ಹಿಡಿಯಬೇಡಿ, ಅಲ್ಲಿ ಬಹುಪಾಲು ಎರಡೇ ಲೇನು, ತಿರುವುಗಳು ಜಾಸ್ತಿ. ಹಿಂದೆ ಗಾಡಿಗಳು ಸೇರಿಕೊಂಡರೆ ಜಾಗ ಸಿಕ್ಕಲ್ಲಿ ಎಡಕ್ಕೆ ನಿಲ್ಲಿಸಿ ಬಿಟ್ಟುಬಿಡಿ.

ಪೆಟ್ರೋಲನ್ನು ನಾವೇ ಹಾಕಿಕೊಳ್ಳಬೇಕು. "ಜೀರೋ ನೋಡಿ ಮೇಡಂ" ಅನ್ನುವವರು ಯಾರೂ ಇಲ್ಲ. 91 ಅಂತ ಬರೆದಿರೋದು ಸಾದಾ ಪೆಟ್ರೋಲ್. ಟೆ ಅನಾವು ಊರಿನಲ್ಲಿ ಟ್ಯಾಂಕ್ ತುಂಬಿಸಿಯೇ ಮಿಲ್ಫರ್ಡ್ ಕಡೆ ಹೊರಡಿ. ಸುಮಾರು 120 ಕಿಲೋಮೀಟರ್, ಎರಡು ಗಂಟೆ ಬೇಕು, ದಾರಿಯುದ್ದಕ್ಕೂ ಬಹುತೇಕ ಸಿಗ್ನಲ್ ಇಲ್ಲ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಹೋಮರ್ ಸುರಂಗದ ಮುಂದೆ ನಿಂತಾಗ ಕೀಯಾ ಅನ್ನೋ ಹಸಿರು ಗಿಳಿಗಳು ಬಂದು ಕಾರಿನ ರಬ್ಬರ್ ಕೀಳುತ್ತವೆ. ನಾನು ಅವಲಕ್ಕಿ ತಿನ್ನುತ್ತಾ ಅದನ್ನೇ ನೋಡುತ್ತಿದ್ದೆ. ಯಜಮಾನರು ಕೆಳಗಿಳಿದು ವೈಪರ್ ಕಾಯುತ್ತಿದ್ದರು.

ಅಷ್ಟರಲ್ಲಾಗಲೇ ಗಾಜು ಹೋಗಿತ್ತು. ಅದು ಆಗಿದ್ದು ಹಿಂದಿನ ದಿನ, ಲಿಂಡಿಸ್ ಪಾಸ್ ದಾರಿಯಲ್ಲಿ. ಬೇಸಿಗೆಯಲ್ಲಿ ಅಲ್ಲಿ ರಸ್ತೆಗೆ ಹೊಸದಾಗಿ ಜಲ್ಲಿ ಹಾಕುತ್ತಾರೆ, ನಿಧಾನ ಅಂತ ಬೋರ್ಡೂ ಇರುತ್ತದೆ. ನಾನು ನಿಧಾನವಾಗೇ ಇದ್ದೆ. ಎದುರು ಬಂದ ಲಾರಿಯ ಚಕ್ರದಿಂದ ಒಂದು ಕಲ್ಲು ಟಪ್ ಅಂತ ಸಿಡಿದು, ಗಾಜಿನಲ್ಲಿ ಗೇಣುದ್ದ ಬಿರುಕು ಬಿಟ್ಟಿತು. ತಕ್ಷಣ ನಿಲ್ಲಿಸಿ ಫೋಟೊ ತೆಗೆದು ಕಂಪನಿಗೆ ಫೋನ್ ಮಾಡಿದೆವು. ನೀವೂ ಹಾಗೇ ಮಾಡಿ, ಮುಚ್ಚಿಡಬೇಡಿ.

ಕೊನೆಯ ದಿನ ಟ್ಯಾಂಕ್ ತುಂಬಿಸಿ, ರಸೀತಿ ಇಟ್ಟುಕೊಂಡು ಗಾಡಿ ಒಪ್ಪಿಸಿದೆ. ಅಲ್ಲಿದ್ದ ಹೆಂಗಸು ಗಾಜು ನೋಡಿದಳು, ಕಾಗದ ನೋಡಿದಳು, "ಫುಲ್ ಕವರ್" ಅಂತ ಒಂದು ಟಿಕ್ ಹಾಕಿ ಕೀ ತಗೊಂಡಳು. ಆ 288 ಡಾಲರಿನ ಮಾತನ್ನು ಯಜಮಾನರು ಆಮೇಲೆ ಎತ್ತಿಲ್ಲ.