ಅಂಕಣದಲ್ಲಿ ಮೂವರೇ ಉಳಿದಾಗ

ಏಳರಲ್ಲಿ ನಾಲ್ವರು ಔಟಾದರೆ ಕಬಡ್ಡಿ ನಾಯಕ ಮೊದಲು ನೋಡಬೇಕಾದ್ದು ಹೊರಗೆ ಕೂತವರ ಸಾಲನ್ನು. ಮೊದಲು ಔಟಾದವನೇ ಮೊದಲು ಒಳಗೆ ಬರುವುದು. ನಮ್ಮ ಒಳ್ಳೆಯ ರೈಡರ್ (ಎದುರಾಳಿ ಅಂಕಣಕ್ಕೆ ದಾಳಿಗೆ ಹೋಗುವವನು) ಸಾಲಿನಲ್ಲಿ ಎರಡನೆಯವನಾದರೆ ನಮಗೆ ಬೇಕಾದ್ದು ಎದುರಾಳಿಯ ಎರಡು ಔಟ್, ಅಷ್ಟೇ. "ಎಂಟು ಅಂಕ ಹಿಂದಿದ್ದೇವೆ" ಎಂದರೆ ಹುಡುಗರ ಕಾಲು ಸೋಲುತ್ತದೆ. "ಇಬ್ಬರನ್ನು ತೆಗೆದರೆ ಅವನು ಬರ್ತಾನೆ" ಎಂದರೆ ಕೆಲಸ ಕಾಣುತ್ತದೆ. ಮಂಜೇಶ್ವರ, ಕುಂಬಳೆ ಕಡೆಯ ಹುಡುಗರ ಜೊತೆ ನಾನು ರೂಢಿಸಿಕೊಂಡ ಕ್ರಮ ಇದು.

ಮೂವರಿರುವಾಗ ಎದುರಾಳಿಯ ಮೊದಲ ಎರಡು ರೈಡನ್ನು ಮುಟ್ಟಲು ಹೋಗುವುದಿಲ್ಲ. ರೈಡರ್ ದಾಟಲೇಬೇಕಾದ ಬಾಕ್ ಲೈನ್ ಮಧ್ಯರೇಖೆಯಿಂದ 3.75 ಮೀಟರ್, ಅದರ ಹಿಂದೆ ಇನ್ನೂ 2.75 ಮೀಟರ್ ಜಾಗ ಇದೆ. ಅಲ್ಲಿ ಸರಿದು ನಿಂತು ಅವನ 30 ಸೆಕೆಂಡ್ ಖಾಲಿ ಹೋಗಲು ಬಿಡುವುದು. ಆರು ಮಂದಿಗಿಂತ ಕಡಿಮೆ ಇರುವುದರಿಂದ ಅವನಿಗೆ ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಹೆಚ್ಚುವರಿ ಅಂಕವೂ ಇಲ್ಲ. ಮೂರನೆಯದು ಡು-ಆರ್-ಡೈ, ಅಂಕ ತರದಿದ್ದರೆ ರೈಡರೇ ಔಟ್, ಹಾಗಾಗಿ ಅವನು ಒಳಗೆ ನುಗ್ಗಲೇಬೇಕು. ಆಗ ಕಾರ್ನರ್‌ನವನು (ತುದಿಯಲ್ಲಿ ನಿಲ್ಲುವವನು) ಪಾದದ ಗಂಟು ಹಿಡಿಯಬೇಕು, ಉಳಿದಿಬ್ಬರು ಸೊಂಟಕ್ಕೆ ಬೀಳಬೇಕು. ಮೂವರು ಅಥವಾ ಕಡಿಮೆ ಮಂದಿ ಸೇರಿ ಹಿಡಿದರೆ ಅದು ಸೂಪರ್ ಟ್ಯಾಕಲ್, ಅದಕ್ಕೆ ಎರಡು ಅಂಕ. ಆದರೆ ಒಳಗೆ ಬರುವವನು ಒಬ್ಬನೇ, ಲೆಕ್ಕ ತಪ್ಪಬೇಡಿ. ಊರ ಪಂದ್ಯಗಳಲ್ಲಿ ಡು-ಆರ್-ಡೈ, ಸೂಪರ್ ಟ್ಯಾಕಲ್ ಎರಡೂ ನಿಯಮ ಇದೆಯೇ ಎಂದು ಅಂಪೈರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಕೆಡುವುದು ಹೆಚ್ಚಾಗಿ ಅವಸರದಲ್ಲಿ. ಎರಡನೇ ರೈಡಿನಲ್ಲೇ ಕವರ್‌ನವನು (ಕಾರ್ನರ್‌ನವನ ಒಳಬದಿಗೆ ನಿಲ್ಲುವವನು) ಹಾರುತ್ತಾನೆ, ಹಿಡಿತ ಜಾರುತ್ತದೆ, ಸಹಾಯಕ್ಕೆ ಬಂದ ಇಬ್ಬರೂ ಮುಟ್ಟಿಸಿಕೊಳ್ಳುತ್ತಾರೆ. ರೈಡರ್ ಮಧ್ಯರೇಖೆ ಮುಟ್ಟಿದರೆ ಮೂರು ಅಂಕ, ಮೇಲೆ ತಂಡದ ಎಲ್ಲರೂ ಔಟಾದ್ದಕ್ಕೆ ಲೋನಾದ ಎರಡು. ಒಂದೇ ಉಸಿರಿಗೆ ಐದು ಹೋಯಿತು. ಕೂಗಿ ತಡೆಯೋಣವೆಂದರೆ ನಮ್ಮ ಗಡಿಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಎದುರಾಳಿಗೆ ಗೊತ್ತು! ಹಾಗಾಗಿ ಕೈ ಸರಪಳಿಯಲ್ಲೇ ಮಾತು: ಅಂಗೈ ಒಮ್ಮೆ ಒತ್ತಿದರೆ ನಿಲ್ಲು, ಎರಡು ಸಲ ಒತ್ತಿದರೆ ಹಿಡಿ.

ಒಬ್ಬನೇ ಉಳಿದರೆ? ಅರ್ಧ ಮುಗಿಯಲು ಒಂದೆರಡು ನಿಮಿಷವಿದ್ದರೆ ಸಮಯ ಎಳೆಯಬಹುದು. ಹತ್ತು ನಿಮಿಷ ಬಾಕಿಯಿದ್ದರೆ ಎಳೆಯುವುದು ಮೊಂಡುತನ. ಲೋನಾ ಕೊಟ್ಟು ಏಳೂ ಮಂದಿಯನ್ನು ಒಳಗೆ ತರುವುದೇ ಲಾಭ. ಕೆಲವು ಕೋಚ್‌ಗಳಿಗೆ ಇದು ಹೇಡಿತನ, ನಾನು ಒಪ್ಪುವುದಿಲ್ಲ.

ವಿರಾಮದ ಐದು ನಿಮಿಷದಲ್ಲಿ ಮೊದಲೆರಡು ನೀರಿಗೆ, ಉಸಿರಿಗೆ, ಬೈಗುಳಕ್ಕಲ್ಲ. ಆಮೇಲೆ ಒಂದೇ ಬದಲಾವಣೆ ಹೇಳಬೇಕು, ಎರಡು ಹೇಳಿದರೆ ಒಂದೂ ನಿಲ್ಲದು. 2016ರ ವಿಶ್ವಕಪ್‌ನಲ್ಲಿ ಅನೂಪ್ ಕುಮಾರ್ ನಾಯಕತ್ವದ ಭಾರತ ಮೊದಲ ಪಂದ್ಯವನ್ನೇ ಕೊರಿಯಾಕ್ಕೆ 32–34ರಿಂದ ಸೋತಿತ್ತು. ಅಹಮದಾಬಾದಿನ ಫೈನಲ್‌ನಲ್ಲಿ ವಿರಾಮಕ್ಕೆ ಇರಾನಿಗಿಂತ ಹಿಂದಿದ್ದದ್ದು 38–29ರಿಂದ ಗೆದ್ದಿತು. ಹುಡುಗರಿಗೆ ಆ ದ್ವಿತೀಯಾರ್ಧವನ್ನೇ ತೋರಿಸುತ್ತೇನೆ.

ಅಭ್ಯಾಸದ ಕೊನೆಯ ಇಪ್ಪತ್ತು ನಿಮಿಷ, ಎಲ್ಲರೂ ದಣಿದ ಮೇಲೆ, ಏಳಕ್ಕೆ ಮೂವರನ್ನು ನಿಲ್ಲಿಸಿ ಆಡಿಸುತ್ತೇನೆ. ಹಲಗೆಯಲ್ಲಿ 12–20 ಎಂದು ಬರೆದೇ ಶುರು.