ಜೋಳದ ರೊಟ್ಟಿ ಹರಿಯದಂಗೆ ಬಡಿಯೋದು ಹೇಗೆ?

ರೊಟ್ಟಿ ಹರೀತು ಅಂದ್ರೆ ಎಲ್ರೂ ಕೈಗೆ ರೂಢಿ ಇಲ್ಲ ಅಂತಾರೆ, ಆದ್ರೆ ಬಹಳ ಸಲ ತಪ್ಪಿರೋದು ಹಿಟ್ಟಲ್ಲಿ ಇಲ್ಲಾ ನೀರಲ್ಲಿ. ಗೋಧೀಲಿರೋ ಗ್ಲುಟೆನ್ ಅನ್ನೋ ಅಂಟು ಜೋಳದಲ್ಲಿ ಇಲ್ಲ, ಹಂಗಾಗಿ ತಣ್ಣೀರು ಹಾಕಿ ಎಷ್ಟು ನಾದಿದ್ರೂ ಜಿಗಿ ಬರಲ್ಲ, ಕುದಿಯೋ ನೀರು ಬಿದ್ದು ಹಿಟ್ಟು ಅರೆಬರೆ ಬೆಂದಾಗ್ಲೇ ಅದು ಹಿಡ್ಕೊಳ್ಳೋದು.

ಮೊದಲು ಹಿಟ್ಟು. ವಿಜಯಪುರ, ಸೊಲ್ಲಾಪುರ ಕಡೆ ಹಿಂಗಾರಿನಲ್ಲಿ ಬೆಳೆಯೋ ಮಾಲದಂಡಿ ಬಿಳಿಜೋಳ ಸಿಕ್ಕರೆ ಅದನ್ನೇ ತಗೊಳ್ಳಿ, ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಅದೂ ಹದಿನೈದು ದಿನಕ್ಕಾಗೋಷ್ಟೇ. ಹಳೇ ಹಿಟ್ಟಿಗೆ ಜಿಗಿ ಹೋಗಿರುತ್ತೆ, ಕಹೀನೂ ಬರುತ್ತೆ. ಪ್ಯಾಕೆಟ್ ಹಿಟ್ಟಾದ್ರೆ ಬೀಸಿದ ತಾರೀಖು ನೋಡಿ ತಗೊಳ್ಳಿ.

2 ಕಪ್ ಹಿಟ್ಟಿಗೆ ಸುಮಾರು ಒಂದೂಕಾಲು ಕಪ್ ನೀರು, ಚಿಟಿಕೆ ಉಪ್ಪು. ಎಸರು ಕೊತಕೊತ ಕುದೀಬೇಕು, ಬರೀ ಬಿಸಿಯಾದ್ರೆ ಸಾಲದು. ಪರಾತದಲ್ಲಿ ಹಿಟ್ಟಿಗೆ ಗುಂಡಿ ಮಾಡಿ ಎಸರು ಸುರಿದು ಸೌಟಿನ ಹಿಡಿಯಿಂದ ಕಲಸಿ ಎರಡು ನಿಮಿಷ ಬಿಡಿ. ಆಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ, ಬೇಕಾದ್ರೆ ಕೈ ಒದ್ದೆ ಮಾಡ್ಕೊಂಡು. ಇಲ್ಲಿ ಮಾತ್ರ ದಯವಿಟ್ಟು ಅವಸರ ಮಾಡ್ಬೇಡಿ, ಒಂದೊಂದು ರೊಟ್ಟಿಗೆ ಹಿಟ್ಟು ಮುರಿದಾಗ್ಲೂ ಆ ಉಂಡೇನ ಮತ್ತೊಂದ್ಸಲ ನಾದಬೇಕು, ಅಂಚಲ್ಲಿ ಸೀಳು ಬರ್ತಿದೆ ಅಂದ್ರೆ ಇನ್ನೂ ನಾದಬೇಕು ಅಂತಾನೇ.

ಕೆಳಗೆ ಧಾರಾಳವಾಗಿ ಒಣಹಿಟ್ಟು ಹಾಕಿ ಅಂಗೈಯಿಂದ ಬಡೀರಿ, ಬಡೀತಾ ಬಡೀತಾ ರೊಟ್ಟಿ ತಾನೇ ತಿರುಗಬೇಕು. ತಿರುಗದೆ ನಿಂತ್ರೆ ಕೆಳಗೆ ಅಂಟಿದೆ ಅಂತ ತಿಳ್ಕೊಂಡು ಹಿಟ್ಟು ಉದುರಿಸಿ.

ಕಬ್ಬಿಣದ ಹಂಚು ಚೆನ್ನಾಗಿ ಕಾಯಬೇಕು. ಒಣಹಿಟ್ಟಿರೋ ಮಗ್ಗುಲು ಮೇಲೆ ಬರೋ ಹಂಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿ. ಆ ನೀರು ಇನ್ನೇನು ಆರಬೇಕು ಅನ್ನೋವಾಗ್ಲೇ ತಿರುವಿ ಹಾಕ್ಬೇಕು, ಪೂರ್ತಿ ಆರಿದ್ರೆ ಬಿರುಕು ಬಿಡುತ್ತೆ. ಇನ್ನೊಂದು ಮಗ್ಗುಲೂ ಬೆಂದ ಮೇಲೆ ನೇರ ಉರಿಗೆ ಹಿಡೀರಿ, ಉಬ್ಬುತ್ತೆ.

ಕಟಕ್ ರೊಟ್ಟಿ, ಅಂದ್ರೆ ಗರಿಗರಿ ಒಣ ರೊಟ್ಟಿ ಬೇಕಂದ್ರೆ ತೆಳ್ಳಗೆ ಬಡಿದು, ಬೇಯಿಸಿ, ಒಲೆ ಪಕ್ಕ ಒರಗಿಸಿ ಒಣಗಿಸೋದು, ವಾರಗಟ್ಟಲೆ ಕೆಡಲ್ಲ. ಬಿಸಿ ರೊಟ್ಟಿಗಾದ್ರೆ ಎಣ್ಣೆಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು ಇದ್ರೆ ಸಾಕು.

ಮೊದಮೊದಲು ರೊಟ್ಟಿ ದಪ್ಪ ಆದ್ರೂ ಬೇಜಾರಾಗ್ಬೇಡಿ. ಬಿಸಿ ಇದ್ದಾಗ್ಲೇ ಮುರಿದು ಒರಳಿಗೆ ಹಾಕಿ, ಬೆಳ್ಳುಳ್ಳಿ, ಜೀರಿಗೆ, ಖಾರದಪುಡಿ, ಉಪ್ಪು ಸೇರಿಸಿ ಕುಟ್ಟಿ, ತುಪ್ಪ ಹಾಕಿ ಉಂಡೆ ಕಟ್ಟಿದ್ರೆ ಮುಟಗಿ ಆಗುತ್ತೆ, ಆರೋದ್ರೊಳಗೆ ತಿನ್ನಿ.