‘ಸತ್ತದ್ದು ಯಾವ ಅರ್ಧ, ಟೀಚರ್?’: ದೊತೊರ್ನ್ ಕ್ಲಾಸಿನಲ್ಲಿ ಕಾಲ್ಸೆಡನ್ ಪಾಠ

ದೊತೊರ್ನ್‌ನಲ್ಲಿ, ಅಂದರೆ ಚರ್ಚಿನ ಧರ್ಮಪಾಠದಲ್ಲಿ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಯೇಸುವಿನ ಬಗ್ಗೆ ಹೇಳುವಾಗ ‘ಅರ್ಧ ದೇವರು, ಅರ್ಧ ಮನುಷ್ಯ’ ಎಂದು ಮಾತ್ರ ಹೇಳಬೇಡಿ. ನಾನು ಹೇಳಿ ಕೆಟ್ಟಿದ್ದೇನೆ. ಹಿಂದಿನ ಬೆಂಚಿನ ಹುಡುಗಿ ‘ಹಾಗಾದ್ರೆ ಶಿಲುಬೇಲಿ ಸತ್ತದ್ದು ಯಾವ ಅರ್ಧ, ಟೀಚರ್?’ ಎಂದಳು. ಪೂಜೆ ಮುಗಿಸಿ ತೂಕಡಿಸುತ್ತಿದ್ದವರೆಲ್ಲ ಎಚ್ಚರಾದರು. ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ.

ಯೇಸು ದೇವರೂ ಮನುಷ್ಯನೂ ಹೇಗೆ ಎಂದು ಬಿಷಪರು ಸೇರಿ ತೀರ್ಮಾನಿಸಿದ ಕಾಲ್ಸೆಡನ್ ಮಹಾಸಭೆಯ ಪಾಠವನ್ನು ಈಗ ಆ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಇಸವಿಗಳೆಲ್ಲ ಆಮೇಲೆ.

ಮೊದಲು ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯದ ಕೊನೆ ಓದಿಸಿ. ಬಿರುಗಾಳಿ, ದೋಣಿಗೆ ನೀರು ನುಗ್ಗುತ್ತಿದೆ, ಯೇಸು ಹಿಂಬದಿಯಲ್ಲಿ ದಿಂಬಿಗೆ ತಲೆಕೊಟ್ಟು ನಿದ್ದೆ. ಎಬ್ಬಿಸಿದರೆ ಎದ್ದು ಗಾಳಿಯನ್ನೇ ಗದರಿಸುತ್ತಾರೆ. ‘ಮಲಗಿದ್ದು ಯಾರು? ಗದರಿಸಿದ್ದು ಯಾರು?’ ಎಂದು ಕೇಳಿ ಸುಮ್ಮನಿರಿ. ಐದನೇ ಶತಮಾನದ ಜಗಳವನ್ನು ಮಕ್ಕಳೇ ಶುರುಮಾಡುತ್ತಾರೆ.

‘ನಿದ್ದೆ ಬರೀ ನಾಟಕ’ ಅನ್ನುವವನೊಬ್ಬ ಇದ್ದೇ ಇರುತ್ತಾನೆ. ನಮ್ಮ ಕಡೆಯ ಮಕ್ಕಳಿಗೆ ಯಕ್ಷಗಾನ ಗೊತ್ತು: ಆಟ ಮುಗಿದರೆ ಕಿರೀಟ ಬಿಚ್ಚಿ ಬಣ್ಣ ಒರೆಸುತ್ತಾರೆ. ಯೇಸುವಿನ ಮೈ ಅಂಥ ವೇಷವಲ್ಲ ಎನ್ನಿ. ಇನ್ನೊಬ್ಬಳು ‘ಮಲಗಿದ್ದು ಮನುಷ್ಯ, ಗದರಿಸಿದ್ದು ದೇವರು’ ಎಂದು ಒಬ್ಬರನ್ನು ಇಬ್ಬರಾಗಿಸುತ್ತಾಳೆ. 431ರ ಎಫೆಸ ಮಹಾಸಭೆ ಕಾನ್‌ಸ್ಟಾಂಟಿನೋಪಲ್‌ನ ನೆಸ್ಟೋರಿಯಸ್‌ನನ್ನು ಬಿಷಪ್ ಪಟ್ಟದಿಂದ ಇಳಿಸಿದ್ದು ಈ ಆರೋಪದ ಮೇಲೆಯೇ. ಮರಿಯಳನ್ನು ‘ದೇವರ ತಾಯಿ’ ಎನ್ನುವುದಕ್ಕಿಂತ ‘ಕ್ರಿಸ್ತನ ತಾಯಿ’ ಎಂದರೆ ವಾಸಿ ಎಂದಿದ್ದ. (ಅವನಿಗೆ ನ್ಯಾಯ ಸಿಕ್ಕಿತೆಂದು ನನಗನಿಸುವುದಿಲ್ಲ. ಅಂತಿಯೋಕ್ಯದ ಬಿಷಪ್ ಬಂದು ಮುಟ್ಟುವ ಮೊದಲೇ ಅವನ ಎದುರಾಳಿ, ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್, ಸಭೆ ನಡೆಸಿಬಿಟ್ಟಿದ್ದ.)

ಹಾಲು-ನೀರಿನ ಉದಾಹರಣೆ ಬೇಡವೇ ಬೇಡ. ಬೆರೆತ ಮೇಲೆ ಅದು ಹಾಲೂ ಅಲ್ಲ, ನೀರೂ ಅಲ್ಲ. ಯೇಸುವಿನಲ್ಲಿ ಎರಡು ಸ್ವಭಾವ ಕೂಡಿದ ಮೇಲೆ ಉಳಿಯುವುದು ಒಂದೇ ಎಂದ ಆ ಕಾಲದ ಮುದಿ ಸನ್ಯಾಸಿ ಯೂಟಿಕೀಸ್ ಸಿಕ್ಕಿಬಿದ್ದದ್ದು ಹೆಚ್ಚುಕಡಿಮೆ ಇಲ್ಲೇ. ಕುಲುಮೆಯಲ್ಲಿ ಕಾದ ಕಬ್ಬಿಣ ವಾಸಿ, ಹಳೆಯ ಗುರುಗಳೂ ಅದನ್ನೇ ಹೇಳುತ್ತಿದ್ದರು: ಕಬ್ಬಿಣ ಕಬ್ಬಿಣವೇ, ಬೆಂಕಿ ಬೆಂಕಿಯೇ, ಮುಟ್ಟಿದರೆ ಎರಡೂ ಒಟ್ಟಿಗೇ ಕೈಗೆ ಹತ್ತುತ್ತವೆ. ಆದರೆ ಕಬ್ಬಿಣ ಆರುತ್ತದೆ ಎಂದು ನೀವೇ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಮಕ್ಕಳು ಹಿಡಿಯುತ್ತಾರೆ.

ಆಗ ಬೋರ್ಡಿನ ಮೇಲೆ ‘451, ಕಾಲ್ಸೆಡನ್’ ಎಂದು ಬರೆದು, ಕೆಳಗೆ ನಾಲ್ಕು ಪದ ಬರೆಯಿರಿ: ಬೆರಕೆಯಿಲ್ಲದೆ, ಮಾರ್ಪಾಡಿಲ್ಲದೆ, ಒಡಕಿಲ್ಲದೆ, ಅಗಲಿಕೆಯಿಲ್ಲದೆ. ಮೊದಲೆರಡು ಹಾಲು-ನೀರಿನವರಿಗೆ, ಕೊನೆಯೆರಡು ಇಬ್ಬರಾಗಿಸಿದವರಿಗೆ. ದೇವರ ಸ್ವಭಾವ, ಮನುಷ್ಯ ಸ್ವಭಾವ ಎರಡೂ ಒಬ್ಬನೇ ಯೇಸುವಿನಲ್ಲಿ ಹೇಗೆ ಕೂಡಿದವು ಎಂದು ಒಂದು ಪದವೂ ಹೇಳುವುದಿಲ್ಲ, ಹೇಗಲ್ಲ ಎಂದಷ್ಟೇ. ಹಿಂದಿನ ಬೆಂಚಿಗೆ ಉತ್ತರವೂ ಇಲ್ಲೇ ಇದೆ: ಸತ್ತದ್ದು ಅರ್ಧವಲ್ಲ, ದೇವರ ಮಗ ಎಂಬ ಆ ಒಬ್ಬನೇ, ತನ್ನದಾಗಿಸಿಕೊಂಡ ಮನುಷ್ಯ ಸ್ವಭಾವದಲ್ಲಿ.

ಒಂದು ಎಚ್ಚರ. ನಮ್ಮ ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಕ್ರೈಸ್ತರ ಪರಂಪರೆ ಕಾಲ್ಸೆಡನ್ನನ್ನು ಒಪ್ಪುವುದಿಲ್ಲ, ‘ಕೂಡಿ ಒಂದಾದ ಸ್ವಭಾವ’ ಎನ್ನುತ್ತದೆ. ಕ್ಲಾಸಿನಲ್ಲಿ ಯಾರದೋ ನೆಂಟರು ಅಲ್ಲಿರಬಹುದು. ‘ಅವರದ್ದು ತಪ್ಪು’ ಎಂದು ಹೇಳಿ ಮಕ್ಕಳನ್ನು ಮನೆಗೆ ಕಳಿಸಬೇಡಿ. 1984ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಮತ್ತು ಕಾಲ್ಸೆಡನ್ನನ್ನು ಒಪ್ಪದ ಅದೇ ಪರಂಪರೆಯ ಸಿರಿಯಾಕ್ ಆರ್ಥೊಡಾಕ್ಸ್ ಸಭೆಯ ಪಿತೃಪ್ರಧಾನ (ಮುಖ್ಯಸ್ಥ) ಒಂದನೇ ಝಕ್ಕಾ ಒಟ್ಟಿಗೆ ಸಹಿ ಹಾಕಿ, ಜಗಳ ಪದಗಳದ್ದು, ವಿಶ್ವಾಸದ ತಿರುಳಿನದ್ದಲ್ಲ ಎಂದು ಒಪ್ಪಿಕೊಂಡಿದ್ದಾರೆ.